ಅಟ್ಟದ ಮೇಲಿನ ಅನಾನಸ್

ಮಿಲಿಟರಿಯಿಂದ ನಿವೃತ್ತರಾಗಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಮರಳಿದ ಚಿಕ್ಕಪ್ಪ ಎರಡು ಸಾಮಾನು ತಂದಿದ್ದರು. ಒಂದು ರಮ್ಮು. ಅದು ವಾರದಲ್ಲೇ ಖಾಲಿ. ಇನ್ನೊಂದು ಹಸಿರು ಟ್ರಂಕು. ಅದು ಸೀದಾ ಅಟ್ಟ ಸೇರಿ ಆರು ಮಳೆಗಾಲ ಅಲ್ಲೇ ಕೂತಿತ್ತು.

ಹೋದ ಆಷಾಢದಲ್ಲಿ ಸೋರುವ ಹೆಂಚು ಹುಡುಕಿಕೊಂಡು ಅಟ್ಟ ಹತ್ತಿದವನಿಗೆ ಟ್ರಂಕು ಕಂಡಿತು. ಒಳಗೆ ಹಳೇ ಸ್ವೆಟರು, ಬೂಟು. ಅದರಡಿ ಸೂಜಿ ಹಲ್ವಾದ (ಅಂದರೆ ರವೆಯದ್ದು) ಎರಡು ಪೊಟ್ಟಣ, ಒಂದಿಷ್ಟು ಶಕ್ಕರ್‌ಪಾರಾ (ನಮ್ಮ ಶಂಕರಪೋಳಿ), ಒಂದು ಅನಾನಸ್ ಡಬ್ಬಿ. ಹೊರಗೆ ಮಳೆ ಸುರಿಯುವಾಗ ಬಾಯಿ ಸುಮ್ನಿರತ್ತಾ?

‘ತಿನ್ನಬಹುದಾ ಚಿಕ್ಕಪ್ಪ?’

‘ಮಿಲಿಟರಿ ಮಾಲು ಮಾರಾಯ, ಏನೂ ಆಗಲ್ಲ’ ಎಂದವರು ಕಥೆಯನ್ನೇ ಶುರು ಮಾಡಿದರು. 1824ರಲ್ಲಿ ಪ್ಯಾರಿ ಎಂಬ ಇಂಗ್ಲಿಷ್ ನಾವಿಕ ಉತ್ತರದ ಹಿಮಸಾಗರದ ಕಡೆ ಹೊರಟಾಗ ಒಯ್ದಿದ್ದ ಕರುವಿನ ಮಾಂಸದ ಡಬ್ಬಿಯನ್ನು ನೂರಕ್ಕೂ ಜಾಸ್ತಿ ವರ್ಷ ಬಿಟ್ಟು ತೆರೆದರಂತೆ. ಬೆಕ್ಕಿಗೆ ಹಾಕಿದರೆ ತಿಂದು ಆರಾಮಾಗಿತ್ತಂತೆ.

‘ಬೆಕ್ಕಿಗೆ ಯಾಕೆ ಹಾಕಿದ್ರು? ಅವರೇ ತಿನ್ನಬೇಕಿತ್ತು’ ಎಂದಳು ಅಮ್ಮ, ಒಲೆ ಊದುತ್ತಾ. ನಮ್ಮನೆ ಬೆಕ್ಕು ಅಷ್ಟರಲ್ಲಿ ಎದ್ದು ಹೋಗಿತ್ತು.

ಇಂಗ್ಲೆಂಡ್ ಥಂಡಿ ದೇಶ. ನಮ್ಮ ಅಟ್ಟ ಇರುವುದು ಒಲೆಯ ನೆತ್ತಿಯ ಮೇಲೆ. ಅಮೆರಿಕದ ಸೇನೆಯವರು ಕೂಡ ತಮ್ಮ ಊಟದ ಪೊಟ್ಟಣ 27 ಡಿಗ್ರಿಯಲ್ಲಿಟ್ಟರೆ ಸುಮಾರು ಮೂರು ವರ್ಷ ಅಂತಾರೆ. ಸೆಕೆ ಏರಿದ ಹಾಗೆ ಆಯಸ್ಸು ಇಳಿಯುತ್ತದೆ. ನಮ್ಮ ಹಲ್ವಾದ ಮೇಲೆ ಬರೆದಿದ್ದು ಹನ್ನೆರಡೇ ತಿಂಗಳು. ಕತ್ತರಿಸಿದ ಕೂಡಲೇ ಕಮಟು ವಾಸನೆ. ಬಣ್ಣವೋ, ಕಾಫಿ ಚರಟ. ಶಕ್ಕರ್‌ಪಾರಾ ಹಲ್ಲಿಗೆ ಬಗ್ಗಲಿಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರು ಕಲ್ಲಿನಂಥ ಬಿಸ್ಕತ್ತನ್ನು ಕಾಫಿಯಲ್ಲಿ ನೆನೆಸಿ ತಿನ್ನುತ್ತಿದ್ದರಂತೆ. ನಾನೂ ನೆನೆಸಿದೆ. ಕಾಫಿ ಹಾಳಾಯಿತು.

ಉಳಿದದ್ದು ಅನಾನಸ್. ಡಬ್ಬಿಯ ಎರಡೂ ತುದಿ ಬಿಸಿ ಪೂರಿ ಹಾಗೆ ಉಬ್ಬಿತ್ತು. ತೆರೆಯುವ ಸಾಧನ ಮನೆಯಲ್ಲಿರಲಿಲ್ಲ. ಪರವಾಗಿಲ್ಲ, ತಗಡಿನ ಡಬ್ಬಿಗೆ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ, ಅದನ್ನು ತೆರೆಯುವ ಸಾಧನ ಬರಲು ಇನ್ನೂ ನಲವತ್ತು ಚಿಲ್ಲರೆ ವರ್ಷ ಬೇಕಾಯಿತು. ಅಲ್ಲಿವರೆಗೆ ಸೈನಿಕರಿಗೆ ಬಯೋನೆಟ್ಟೇ ಗತಿ. ನನಗೆ ಕತ್ತಿ.

ತುದಿ ತಾಗಿದ್ದೇ ತಡ, ಬುಸ್! ರಸ ತೊಲೆಗೆ, ಚಿಕ್ಕಪ್ಪನ ಬಿಳಿ ಬನೀನಿಗೆ, ಅಮ್ಮನ ಮಿಡಿ ಉಪ್ಪಿನಕಾಯಿ ಜಾಡಿಗೆ.

ಅನಾನಸ್ಸಿನ ಹುಳಿ ವರ್ಷಗಟ್ಟಲೆ ತಗಡನ್ನು ತಿಂದು ಹೈಡ್ರೋಜನ್ ಹುಟ್ಟಿಸುತ್ತದಂತೆ. ಹಾಗೆ ಉಬ್ಬಿದ್ದೋ, ರೋಗಾಣುವಿಂದ ಉಬ್ಬಿದ್ದೋ ಹೊರಗಿಂದ ಗೊತ್ತಾಗಲ್ಲ. ರುಚಿ ನೋಡುವುದಿರಲಿ, ತೆರೆಯಲೂ ಬಾರದು. ಇದನ್ನೆಲ್ಲ ಓದಿದ್ದು ಆಮೇಲೆ, ಬನೀನು ನೆನೆಹಾಕಿದ ಮೇಲೆ.

ಮಧ್ಯಾಹ್ನ ಗಂಜಿಗೆ ಅದೇ ಜಾಡಿಯ ಮಿಡಿ. ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷದ್ದು. ಅವಳೀಗ ಕೆಲಸಕ್ಕೆ ಹೋಗುತ್ತಾಳೆ. ಅದರ ತಾರೀಖು ಯಾರೂ ಕೇಳಲಿಲ್ಲ. ‘ನಿಮ್ಮ ಮಿಲಿಟರಿಯೋರು ಉಪ್ಪು ಕಮ್ಮಿ ಹಾಕಿದ್ದಾರೆ’ ಎಂದಳು ಅಮ್ಮ.

ಚಿಕ್ಕಪ್ಪ ತಲೆ ಕೆರೆದುಕೊಂಡರು. ‘ಅಲ್ಲ ಅತ್ತಿಗೆ, ಹಲ್ವಾ ಆರು ಪೊಟ್ಟಣ ಇತ್ತಲ್ವಾ?’

ಅಮ್ಮ ಜಾಡಿಗೆ ಬಟ್ಟೆ ಕಟ್ಟುತ್ತಲೇ ಇದ್ದಳು. ‘ಹೋದ ವರ್ಷ ಹುಡುಗಿ ನೋಡೋಕೆ ಬಂದಿದ್ರಲ್ಲ, ಅವರಿಗೆ ತುಪ್ಪ ಹಾಕಿ ಬಿಸಿ ಮಾಡಿ ಕೊಟ್ಟೆ.’

‘ಏನಂದ್ರು?’

‘ಊರಿಗೆ ಹೋಗಿ ತಿಳಿಸ್ತೀವಿ ಅಂದ್ರು.’