ಸಣ್ಣ ಶಾಲೆಗೂ ಹತ್ತು ಪಂದ್ಯ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಉತ್ತರಕ್ಕೆ ಆ್ಯಲೆನ್ ಎಂಬ ಊರಿದೆ. ಅಲ್ಲಿನ ಸರ್ಕಾರಿ ಹೈಸ್ಕೂಲಿಗೆಂದು 2012ರಲ್ಲಿ ಸುಮಾರು ಆರು ಕೋಟಿ ಡಾಲರ್ ಖರ್ಚಿನಲ್ಲಿ 18,000 ಜನ ಕೂರುವ ಫುಟ್‌ಬಾಲ್ ಕ್ರೀಡಾಂಗಣ ಕಟ್ಟಿದರು. ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಬೀಗ ಬಿತ್ತು. ದುರಸ್ತಿಯಾಗಿ 2015ರಲ್ಲಿ ಮತ್ತೆ ತೆರೆಯಿತು. ನಮ್ಮ ಕಡೆಯ ಕಾಮಗಾರಿಗಳನ್ನು ಹಳಿಯುತ್ತಲೇ ಇರುವ ನನ್ನಂಥ ಹೊರನಾಡಿನವರು ಇದನ್ನು ಆಗಾಗ ನೆನೆಯುವುದು ಒಳ್ಳೆಯದು. ಆ ಕ್ರೀಡಾಂಗಣದಿಂದ ಅರ್ಧ ಗಂಟೆಯ ದಾರಿಯಲ್ಲಿ ನನ್ನ ಮಗ ಓದುವ ಖಾಸಗಿ ಶಾಲೆ ಇದೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಎಲ್ಲರನ್ನೂ ಸೇರಿಸಿದರೂ ನೂರು ಮಕ್ಕಳಿಲ್ಲ. ಆದರೂ ಅಲ್ಲಿ ಫುಟ್‌ಬಾಲ್ ತಂಡವಿದೆ. ಹೆಲ್ಮೆಟ್ ತೊಟ್ಟು, ಭುಜಕ್ಕೆ ಪ್ಯಾಡ್ ಕಟ್ಟಿ, ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಅದೇ ಅಮೆರಿಕದ ಫುಟ್‌ಬಾಲ್. ಒಂದು ಕಡೆಗೆ ಹನ್ನೊಂದು ಜನರ ಬದಲು ಆರು ಜನ, ಅಷ್ಟೇ.

ಈ ಆರು ಜನರ ಆಟವನ್ನು 1934ರಲ್ಲಿ ನೆಬ್ರಾಸ್ಕಾದ ಚೆಸ್ಟರ್ ಎಂಬ ಊರಿನಲ್ಲಿ ಸ್ಟೀಫನ್ ಎಪ್ಲರ್ ಎಂಬ ಮೇಷ್ಟರು ಹುಟ್ಟುಹಾಕಿದರು. ಆರ್ಥಿಕ ಕುಸಿತದ ಕಾಲ. ಹಳ್ಳಿ ಶಾಲೆಗಳಲ್ಲಿ ಹನ್ನೊಂದು ಗಟ್ಟಿ ಹುಡುಗರನ್ನು ಹೊಂದಿಸುವುದೇ ಕಷ್ಟವಾಗಿತ್ತು. ಮೈದಾನವನ್ನು ನೂರು ಗಜದಿಂದ ಎಂಬತ್ತಕ್ಕೆ ಇಳಿಸಿ, ಅಗಲವನ್ನು ನಲವತ್ತು ಗಜ ಮಾಡಿದರು. ಆರು ಜನರಲ್ಲಿ ಯಾರು ಬೇಕಾದರೂ ಚೆಂಡು ಹಿಡಿಯಬಹುದು. ದೊಡ್ಡ ಆಟದಲ್ಲಿ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಸಾಕು, ಇಲ್ಲಿ ಹದಿನೈದು ಬೇಕು. ವಿರಾಮದ ಹೊತ್ತಿಗೋ ಆಮೇಲೋ ಒಂದು ತಂಡ 45 ಅಂಕ ಮುಂದಾದರೆ ಆಟ ಅಲ್ಲಿಗೇ ಮುಗಿಯುತ್ತದೆ; ಬಡಿದದ್ದು ಸಾಕು, ಮನೆಗೆ ಹೋಗಿ ಎಂದ ಹಾಗೆ. ಆ ಹದಿನೈದು ಗಜವನ್ನು ಅಳೆಯುವ ಸರಪಳಿಯ ಒಂದು ಕಂಬ ಹಿಡಿದು ಅಂಚಿನಲ್ಲಿ ನಿಲ್ಲುವ ಕೆಲಸ ಪೋಷಕರ ಪೈಕಿ ನನ್ನ ಪಾಲಿಗೆ ಬಂದಿದೆ. ಹುಡುಗರು ನಮ್ಮತ್ತಲೇ ನುಗ್ಗಿದರೆ ಕಂಬವನ್ನು ಅಲ್ಲೇ ಕೆಡವಿ ಹಿಂದಕ್ಕೆ ಹಾರಬೇಕು. ರೆಫರಿ ಹೇಳಿಕೊಡುವ ಮೊದಲ ಪಾಠ ಅದು. ಹಾಗೆ ಹಾರಿದಾಗಲೇ ಗೊತ್ತಾಗುತ್ತದೆ, ಹದಿನಾರರ ಹುಡುಗ ಓಡಿಬರುವಾಗ ಎಷ್ಟು ಭಾರವಿರುತ್ತಾನೆಂದು.

ಇಲ್ಲಿ ಶಾಲೆಗಳನ್ನು ಗಾತ್ರ ನೋಡಿ ಬೇರೆ ಬೇರೆ ವಿಭಾಗ ಮಾಡಿ ಆಡಿಸುತ್ತಾರೆ; ಅದಕ್ಕೆ ಈ ಭಾರವೇ ಮೊದಲ ಕಾರಣ. ಬ್ಯಾಸ್ಕೆಟ್‌ಬಾಲಿನಲ್ಲಿ ಐದು ಒಳ್ಳೆಯ ಹುಡುಗರು ಸಿಕ್ಕರೆ ಸಣ್ಣ ಶಾಲೆಯೂ ದೊಡ್ಡದನ್ನು ಮಣಿಸೀತು. ಫುಟ್‌ಬಾಲ್ ಮೈ ಸವೆಸುವ ಆಟ. ದೊಡ್ಡ ಶಾಲೆಯಲ್ಲಿ ಚೆಂಡು ನಮ್ಮದಾದಾಗ ಒಂದು ಪಡೆ, ಎದುರಾಳಿಯದಾದಾಗ ಇನ್ನೊಂದು, ಒದೆಯಲು ಮತ್ತೊಬ್ಬ; ಅವರ ಹಿಂದೆ ಬದಲಿಗರ ಸಾಲು. ನಮ್ಮ ಶಾಲೆಯಂಥದ್ದರಲ್ಲಿ ಓಡುವವನೂ ತಡೆಯುವವನೂ ಒದೆಯುವವನೂ ಒಬ್ಬನೇ. ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದರ ಹೊತ್ತಿಗೆ ಅವನ ಕಾಲು ಸೋಲುತ್ತದೆ, ಪೆಟ್ಟಾಗುವುದು ಆಗಲೇ.

ಸರ್ಕಾರಿ ಶಾಲೆಗಳ ಸ್ಪರ್ಧೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದ ಯುಐಎಲ್ ಎಂಬ ಸಂಸ್ಥೆ ನಡೆಸುತ್ತದೆ. ಎರಡು ವರ್ಷಕ್ಕೊಮ್ಮೆ ಅದು ಹಾಜರಿ ಪಟ್ಟಿ ತರಿಸಿಕೊಂಡು ಶಾಲೆಗಳನ್ನು 1ಎಯಿಂದ 6ಎವರೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತದೆ. ಮೇಲಿನ ಮೆಟ್ಟಿಲಿನಲ್ಲಿ 2,200ಕ್ಕೂ ಹೆಚ್ಚು ಮಕ್ಕಳಿರುವ ಶಾಲೆಗಳು. ಸುಮಾರು 105ಕ್ಕಿಂತ ಕಡಿಮೆ ಮಕ್ಕಳಿದ್ದರೆ ಆರು ಜನರ ಆಟ. ಖಾಸಗಿ ಶಾಲೆಗಳಿಗೆ ಇಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ಡಲ್ಲಾಸಿನ ಮತ್ತು ಹ್ಯೂಸ್ಟನ್ನಿನ ಎರಡು ದೊಡ್ಡ ಜೆಸ್ಯೂಟ್ ಶಾಲೆಗಳು ಮಾತ್ರ ಜಗಳವಾಡಿ ಒಳಗೆ ಬಂದಿವೆ. ಉಳಿದ ಖಾಸಗಿ ಶಾಲೆಗಳು 1978ರಲ್ಲಿ ಹುಟ್ಟಿದ ಟ್ಯಾಪ್ಸ್ ಮತ್ತಿತರ ಸಂಘಗಳಲ್ಲಿವೆ. ಟ್ಯಾಪ್ಸ್ ಕೂಡ ಹನ್ನೊಂದು ಜನರ ಆಟವನ್ನೂ ಆರು ಜನರ ಆಟವನ್ನೂ ಮಕ್ಕಳ ಸಂಖ್ಯೆ ನೋಡಿಯೇ ವಿಂಗಡಿಸುತ್ತದೆ.

ತಕರಾರು ಹುಟ್ಟುವುದು ಇಲ್ಲಿಯೇ. ಸರ್ಕಾರಿ ಶಾಲೆಗೆ ಗಡಿಯಿದೆ. ಆ ಗಡಿಯೊಳಗಿನ ಮನೆಗಳ ಮಕ್ಕಳೇ ಅದರ ಬಂಡವಾಳ. ಖಾಸಗಿ ಶಾಲೆಗೆ ಗಡಿಯೆಂಬುದಿಲ್ಲ. ಮುನ್ನೂರು ಮಕ್ಕಳ ಒಂದು ಖಾಸಗಿ ಶಾಲೆ ಇಡೀ ನಗರದಿಂದ ಹುಡುಗರನ್ನು ಆರಿಸಿ, ಶುಲ್ಕ ರಿಯಾಯಿತಿ ಕೊಟ್ಟು ಕರೆತರಬಹುದು. ಇನ್ನೊಂದು ಮುನ್ನೂರು ಮಕ್ಕಳ ಶಾಲೆ ತನ್ನ ಚರ್ಚಿನ ಕುಟುಂಬಗಳ ಮಕ್ಕಳಿಗಷ್ಟೇ ಪಾಠ ಹೇಳುತ್ತಿರಬಹುದು. ಹಾಜರಿ ಪಟ್ಟಿಯಲ್ಲಿ ಎರಡೂ ಒಂದೇ.

ಟೆನ್ನೆಸಿಯಲ್ಲಿ ಈ ಜಗಳ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಟಗಾರರಿಗೆ ಶುಲ್ಕ ನೆರವು ಕೊಡುವ ಖಾಸಗಿ ಶಾಲೆಗಳನ್ನು ಆ ರಾಜ್ಯದ ಶಾಲಾ ಕ್ರೀಡಾ ಸಂಘ 1997ರಲ್ಲಿ ಎರಡನೆಯ ಡಿವಿಜನ್ ಎಂದು ಬೇರೆ ಮಾಡಿತು. ಅದೇ ವರ್ಷ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಫುಟ್‌ಬಾಲ್ ತರಬೇತುದಾರರು, ಮುಂದಿನ ವರ್ಷ ಶಾಲೆ ಸೇರಲಿದ್ದ ಎಂಟನೆಯ ತರಗತಿಯ ಹುಡುಗರಿಗೆ ವಸಂತದ ಅಭ್ಯಾಸಕ್ಕೆ ಬನ್ನಿ ಎಂದು ಪತ್ರ ಬರೆದು, ಕೊನೆಯಲ್ಲಿ ‘ನಿಮ್ಮ ಕೋಚ್’ ಎಂದು ಸಹಿ ಹಾಕಿದರು. ಇದು ಹುಡುಗರನ್ನು ಸೆಳೆಯುವ ಯತ್ನ ಎಂದು ರಾಜ್ಯದ ಕ್ರೀಡಾ ಸಂಘ ದಂಡ ಹಾಕಿತು, ಶಾಲೆ ಕೋರ್ಟಿಗೆ ಹೋಯಿತು. ಖಾಸಗಿ ಎಂದು ಹೇಳಿಕೊಂಡರೂ ಈ ಸಂಘ ಚಲಾಯಿಸುವುದು ಸರ್ಕಾರದ ಅಧಿಕಾರವನ್ನೇ, ಆದ್ದರಿಂದ ಸಂವಿಧಾನ ಅದಕ್ಕೂ ಅನ್ವಯಿಸುತ್ತದೆ ಎಂದು 2001ರಲ್ಲಿ ತೀರ್ಪು ಬಂತು. ಆದರೆ ಮಕ್ಕಳನ್ನು ಸೆಳೆಯಬಾರದೆಂಬ ನಿಯಮದಿಂದ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ ಎಂದು ಅದೇ ಕೋರ್ಟು 2007ರಲ್ಲಿ ಹೇಳಿತು. ಒಂದು ಕಾಗದಕ್ಕೆ ಹತ್ತು ವರ್ಷ. ಪತ್ರ ತಲುಪಿದಾಗ ಎಂಟನೆಯ ತರಗತಿಯಲ್ಲಿದ್ದ ಹುಡುಗ ಅಷ್ಟರಲ್ಲಿ ಕಾಲೇಜು ಮುಗಿಸಿ ಕೆಲಸ ಹುಡುಕಿಕೊಂಡಿರಬೇಕು.

ಬೇರೆ ರಾಜ್ಯಗಳು ಗಣಿತದ ಮೊರೆ ಹೋದವು. ಇಲಿನಾಯ್‌ನಲ್ಲಿ ಗಡಿಯಿಲ್ಲದ ಶಾಲೆಯ ಮಕ್ಕಳ ಸಂಖ್ಯೆಯನ್ನು 1.65ರಿಂದ ಗುಣಿಸುವ ಪದ್ಧತಿ ಬಂತು, ಅಲಬಾಮಾದಲ್ಲಿ 1.35ರಿಂದ. ಖಾಸಗಿ ಶಾಲೆಯ ಹುಡುಗನೊಬ್ಬ ಅಲಬಾಮಾದಲ್ಲಿ ಒಬ್ಬನೂ ಮೂರನೆಯ ಒಂದು ಪಾಲೂ ಆದರೆ, ಇಲಿನಾಯ್‌ನಲ್ಲಿ ಹೆಚ್ಚುಕಡಿಮೆ ಒಬ್ಬನೂ ಮೂರನೆಯ ಎರಡು ಪಾಲೂ. ನಗು ಬಂದರೂ ಲೆಕ್ಕದ ಉದ್ದೇಶ ಸರಿಯಾಗಿಯೇ ಇದೆ. ನನ್ನ ಆಕ್ಷೇಪ ಬೇರೆ: ಈ ಗುಣಾಕಾರದ ಪೆಟ್ಟು ಹುಡುಗರನ್ನು ಸೆಳೆಯುವ ಶಾಲೆಗೂ ಬೀಳುತ್ತದೆ, ಸೆಳೆಯಲು ಕಾಸೇ ಇಲ್ಲದ ಬಡ ಕ್ಯಾಥೊಲಿಕ್ ಶಾಲೆಗೂ ಬೀಳುತ್ತದೆ. ಗೆದ್ದವರನ್ನು ಒಂದು ಮೆಟ್ಟಿಲು ಮೇಲಕ್ಕೆ, ಸೋತವರನ್ನು ಕೆಳಕ್ಕೆ ಕಳಿಸುವುದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಬೆಂಗಳೂರಿನ ಫುಟ್‌ಬಾಲ್ ಲೀಗಿನಲ್ಲಿ ಸೂಪರ್ ಡಿವಿಜನ್, ಎ ಡಿವಿಜನ್ ಎಂದು ನಾವು ಕ್ಲಬ್ಬುಗಳಿಗೆ ಮಾಡಿಕೊಂಡು ಬಂದಿರುವುದು ಅದನ್ನೇ.

ಆದರೆ ಕಪ್ ಯಾರಿಗೆ ಎಂಬ ಈ ಗದ್ದಲದಲ್ಲಿ ಇಲ್ಲಿಯವರಿಗೇ ಕಾಣದ ಒಂದು ಸಂಗತಿ ಹೊರಗಿನಿಂದ ಬಂದ ನನ್ನ ಕಣ್ಣಿಗೆ ಬೀಳುತ್ತದೆ. ಯಾವ ಮೆಟ್ಟಿಲಿನಲ್ಲಿದ್ದರೂ, ಪ್ರತಿ ವಾರ ಸೋತರೂ, ಒಂದು ಶಾಲೆಗೆ ಋತುವಿನಲ್ಲಿ ಸುಮಾರು ಹತ್ತು ಪಂದ್ಯಗಳು ಸಿಗುತ್ತವೆ. ನಾಕೌಟ್ ಆರಂಭವಾಗುವುದು ಅದಾದ ಮೇಲೆ.

ನಾನು ಪಿರಿಯಾಪಟ್ಟಣದ ಕಡೆಯವನು. ನಮ್ಮಲ್ಲಿ ಶಾಲಾ ಕ್ರೀಡಾಕೂಟವೆಂದರೆ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಏಣಿ. ವಯಸ್ಸಿನ ವಿಂಗಡಣೆ ಉಂಟು, ಶಾಲೆಯ ಗಾತ್ರದ ವಿಂಗಡಣೆ ಇಲ್ಲ. 1960ರಿಂದ ನಡೆಯುತ್ತಿರುವ ರಾಷ್ಟ್ರಮಟ್ಟದ ಸುಬ್ರೋತೋ ಕಪ್ ಫುಟ್‌ಬಾಲಿನಲ್ಲಿಯೂ ವಯಸ್ಸನ್ನೇ ನೋಡುತ್ತಾರೆ. ನಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರೇ ಕಬಡ್ಡಿ ಕಲಿಸುತ್ತಿದ್ದರು. ಹೋಬಳಿ ಕ್ರೀಡಾಕೂಟಕ್ಕೆ ಬೆಳಗ್ಗೆ ಎಂಟಕ್ಕೆ ಹೋದರೆ ಹತ್ತಕ್ಕೆಲ್ಲ ನಮ್ಮ ಆಟ ಮುಗಿದಿರುತ್ತಿತ್ತು, ಪಟ್ಟಣದ ದೊಡ್ಡ ಶಾಲೆಯೊಂದರ ಕೈಯಲ್ಲಿ. ಆಮೇಲೆ ಸಂಜೆಯವರೆಗೆ ಸುಣ್ಣದ ಗೆರೆಯ ಪಕ್ಕ ಕುಳಿತು ಬೇರೆಯವರಿಗೆ ಚಪ್ಪಾಳೆ. ವರ್ಷದ ಅಭ್ಯಾಸಕ್ಕೆ ಸಿಗುತ್ತಿದ್ದದ್ದು ಒಂದು ಪಂದ್ಯ. ಕ್ರೀಡಾ ವಸತಿ ನಿಲಯದ ಹುಡುಗರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತಾರೋ ಮುಂದಿನ ಹಂತಗಳಲ್ಲಿ ಆ ಶಾಲೆಯೇ ಗೆಲ್ಲುತ್ತಿತ್ತು; ಟೆನ್ನೆಸಿಯ ಜಗಳ ನಮ್ಮಲ್ಲಿ ಇಲ್ಲದ್ದೇನಲ್ಲ, ಕೋರ್ಟಿಗೆ ಹೋಗುವಷ್ಟು ದುಡ್ಡು ಯಾವ ಶಾಲೆಗೂ ಇಲ್ಲ, ಅಷ್ಟೇ.

ವಿಂಗಡಣೆ ಎಲ್ಲ ಕಡೆಯೂ ಬೇಕೇ ಬೇಕು ಎನ್ನಲಾರೆ. ನಮ್ಮ ಮಗ್ಗುಲಿನ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡಿ. ನೂರಾರು ಜನರಿರುವ ಒಕ್ಕವೂ, ಅಂದರೆ ಮನೆತನವೂ, ಆಡುತ್ತದೆ. ತಾತ, ಸೊಸೆ, ಮೊಮ್ಮಗ ಎಲ್ಲರನ್ನೂ ಇಳಿಸಿ ಹೇಗೋ ಹನ್ನೊಂದು ತುಂಬಿಸುವ ಒಕ್ಕವೂ ಆಡುತ್ತದೆ. ಯಾರೂ ವಿಭಾಗ ಕೇಳುವುದಿಲ್ಲ. ಮನೆತನದ ಹೆಸರನ್ನು ಶುಲ್ಕ ರಿಯಾಯಿತಿ ಕೊಟ್ಟು ಸಂಪಾದಿಸಲಾಗುವುದಿಲ್ಲ. ಸೋತವರಿಗೂ ಅಲ್ಲಿ ಹಬ್ಬವಂತೂ ಉಳಿದೇ ಇರುತ್ತದೆ. ಹದಿನಾಲ್ಕರ ಹುಡುಗಿಯೊಬ್ಬಳು ವರ್ಷವಿಡೀ ಕಾದ ಖೋ ಖೋ ಪಂದ್ಯದ ಮಾತು ಹಾಗಲ್ಲ.

ಹೋಬಳಿ ಮಟ್ಟದಲ್ಲಾದರೂ ನೂರಕ್ಕಿಂತ ಕಡಿಮೆ ಮಕ್ಕಳಿರುವ ಹೈಸ್ಕೂಲುಗಳನ್ನು ಬೇರೆ ಗುಂಪು ಮಾಡಿ, ಪ್ರತಿ ತಂಡಕ್ಕೂ ಮೂರು ಪಂದ್ಯವಾದರೂ ಸಿಗುವಂತೆ ಲೀಗ್ ಆಡಿಸಿ, ಎರಡೂ ಗುಂಪಿನ ವಿಜೇತರನ್ನು ತಾಲ್ಲೂಕಿಗೆ ಕಳಿಸಬೇಕೆಂಬುದು ನನ್ನ ವಾದ. ಊರಿನಲ್ಲಿ ದೈಹಿಕ ಶಿಕ್ಷಕನಾಗಿರುವ ಸೋದರಮಾವನ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದೆ. “ಭಾವ, ಲೀಗ್ ಎಂದರೆ ಮೂರು ದಿನವಾಗುತ್ತದೆ. ಒಂದು ದಿನದ ಊಟಕ್ಕೇ ನಾವು ಮೇಷ್ಟರುಗಳು ಕೈಯಿಂದ ಹಾಕುತ್ತಿದ್ದೇವೆ. ಮಕ್ಕಳನ್ನು ಕರೆತರುವುದು ಗೂಡ್ಸ್ ಆಟೋದಲ್ಲಿ” ಎಂದ. ಇಲ್ಲಿ ತಂಡದ ಬಸ್ಸಿನ ಖರ್ಚಿಗಾಗಿ ನನ್ನ ಹೆಂಡತಿಯೂ ಉಳಿದ ತಾಯಂದಿರೂ ಪಂದ್ಯದ ದಿನ ಗೂಡಂಗಡಿ ಇಟ್ಟು ಹಾಟ್ ಡಾಗ್ ಮಾರುವುದನ್ನು ವಿವರಿಸಿದೆ. ಜಾತ್ರೆಗೆ ಮೂರು ದಿನ ಅನ್ನಸಂತರ್ಪಣೆ ಮಾಡುವ ಹೋಬಳಿಯಲ್ಲಿ ಇನ್ನೂರು ಮಕ್ಕಳ ಊಟಕ್ಕೆ ದಾನಿಗಳು ಸಿಗುವುದಿಲ್ಲವೆಂದರೆ ನಾನು ನಂಬುವುದಿಲ್ಲ ಎಂದೂ ಹೇಳಿದೆ. ಊಟಕ್ಕೆ ಸಿಕ್ಕಾರು, ಆದರೆ ಏಣಿಯ ನಿಯಮ ಬದಲಾಗಬೇಕಾದರೆ ಇಲಾಖೆಯ ಸುತ್ತೋಲೆ ಬೇಕು, ಅದನ್ನು ಬರೆಸುವವರು ಯಾರು ಎಂದು ಕೇಳಿದ.