ಹೈಸ್ಕೂಲಿನಲ್ಲೇ ಕಾಲೇಜಿನ ಕೋರ್ಸ್ ಗೊತ್ತುಮಾಡಿಕೊಳ್ಳಬೇಕೆ?

ಪರ: ತೀರ್ಮಾನ ಹೇಗೂ ಆಗಿಯೇ ಆಗುತ್ತದೆ

‘ಇನ್ನೂ ಮಕ್ಕಳು, ಈಗಲೇ ಯಾಕೆ ಆ ಚಿಂತೆ’ ಎನ್ನುವುದು ಕೇಳಲು ಹಿತವಾಗಿದೆ. ಆದರೆ ಮಕ್ಕಳು ಚಿಂತೆ ಮಾಡಲಿ ಬಿಡಲಿ, ತೀರ್ಮಾನದ ಮುಕ್ಕಾಲು ಪಾಲು ಹೈಸ್ಕೂಲಿನಲ್ಲೇ ಮುಗಿದಿರುತ್ತದೆ. ಇಂಗ್ಲೆಂಡಿನಲ್ಲಿ 16ರ ಹೊತ್ತಿಗೆ ವಿದ್ಯಾರ್ಥಿ ಸಾಮಾನ್ಯವಾಗಿ ಮೂರು ವಿಷಯಗಳನ್ನು ಇಟ್ಟುಕೊಂಡು, ಪದವಿಗೆ ಮುಂಚಿನ ಎರಡು ವರ್ಷದ ಓದಾದ ಎ-ಲೆವೆಲ್‌ಗೆ ಹೋಗುತ್ತಾನೆ. ಗಣಿತದ ಮೇಷ್ಟರ ಮೇಲಿನ ಸಿಟ್ಟಿಗೆ ಗಣಿತವನ್ನೇ ಕೈಬಿಟ್ಟ ಎನ್ನಿ. ಎರಡು ವರ್ಷದ ಮೇಲೆ ಅರ್ಥಶಾಸ್ತ್ರ ಓದುವ ಮನಸ್ಸಾದರೆ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಬಿಎಸ್ಸಿ ಅರ್ಥಶಾಸ್ತ್ರಕ್ಕೆ ಎ-ಲೆವೆಲ್ ಗಣಿತ ಕಡ್ಡಾಯ ಎಂಬುದು ಆಗ ತಿಳಿಯುತ್ತದೆ. ಹದಿನೈದನೇ ವಯಸ್ಸಿನಲ್ಲಿ ಯಾರಾದರೂ ಆ ಪ್ರವೇಶ ನಿಯಮವನ್ನು ಅವನ ಮುಂದೆ ಇಟ್ಟಿದ್ದರೆ, ಮೇಷ್ಟರನ್ನು ಇನ್ನೆರಡು ವರ್ಷ ಸಹಿಸಿಕೊಳ್ಳುತ್ತಿದ್ದ.

ಕೋರ್ಸ್ ಗೊತ್ತುಮಾಡಿಕೊಳ್ಳುವುದೆಂದರೆ ಹೆಸರೊಂದನ್ನು ಜಪಿಸುವುದಲ್ಲ, ಅದರ ಮೊದಲ ವರ್ಷದ ಪಠ್ಯಕ್ರಮವನ್ನು ತೆರೆದು ಓದುವುದು. ಆಟದ ಆ್ಯಪ್ ಮಾಡುವ ಕನಸಿನಲ್ಲಿ ಕಂಪ್ಯೂಟರ್ ವಿಜ್ಞಾನ ಬಯಸುವ ಹುಡುಗನಿಗೆ ಅಲ್ಲಿ ಕಾಣುವುದು ಗಣಗಳು, ಸಂಭವನೀಯತೆ, ತರ್ಕದ ಸಾಧನೆಗಳು. ಮನಸ್ಸಿನ ಒಗಟು ಬಿಡಿಸಲು ಮನಶ್ಶಾಸ್ತ್ರ ಎನ್ನುವ ಹುಡುಗಿಗೆ ಕಾಣುವುದು ಸಂಖ್ಯಾಶಾಸ್ತ್ರ. ಅರ್ಧ ಗಂಟೆಯ ಓದು ಕೆಲವರ ಉತ್ಸಾಹವನ್ನು ಇಳಿಸುತ್ತದೆ, ಇಳಿಸಲಿ. ಕಾಲೇಜಿನ ಶುಲ್ಕ ಕಟ್ಟಿದ ಮೇಲೆ ಇಳಿಯುವುದಕ್ಕಿಂತ ವಾಸಿ.

ಓದಿ ನೋಡುವುದು ಸಾಲದು ಎನ್ನುವವರಿಗೆ ಅಮೆರಿಕದಲ್ಲಿ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಇದೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1955ರಿಂದ ನಡೆಸುತ್ತ ಬಂದಿರುವ ಈ ವ್ಯವಸ್ಥೆಯಲ್ಲಿ ಹೈಸ್ಕೂಲಿನ ಬೆಂಚಿನಲ್ಲೇ ಕಾಲೇಜು ಮಟ್ಟದ ಪಾಠ ಕಲಿತು ಮೇ ತಿಂಗಳಲ್ಲಿ ಪರೀಕ್ಷೆ ಬರೆಯಬಹುದು. ಅಂಕ 1ರಿಂದ 5. ಅನೇಕ ವಿಶ್ವವಿದ್ಯಾಲಯಗಳು 3 ಅಥವಾ ಹೆಚ್ಚು ಬಂದವರಿಗೆ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಕೊಡುತ್ತವೆ. ನನಗಂತೂ 2 ಬಂದವರ ಬಗ್ಗೆಯೇ ಹೆಚ್ಚು ಆಸಕ್ತಿ: ಆ ವಿಷಯ ತಮಗೆ ಒಗ್ಗುತ್ತದೆಯೇ ಎಂಬುದನ್ನು ಪದವಿಯ ಒಂದು ವರ್ಷ ತೆರದೆ ತಿಳಿದುಕೊಂಡವರು ಅವರು.

ಕೊನೆಯದಾಗಿ ಒಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ. ಪದವೀಧರರ ಮನೆಯ ಮಕ್ಕಳಿಗೆ ಯಾವ ಕೋರ್ಸಿಗೆ ಯಾವ ವಿಷಯ ಬೇಕು ಎಂಬುದು ಊಟದ ಹೊತ್ತಿನಲ್ಲೇ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರಿಗೆ ಅದನ್ನು ಹೇಳುವವರು ಯಾರು? ‘ನಿಧಾನವಾಗಿ ಯೋಚಿಸೋಣ’ ಎನ್ನುವ ಸೌಲಭ್ಯ ಪದವೀಧರರ ಮನೆಯ ಮಕ್ಕಳಿಗೆ ಮಾತ್ರ ಇದೆ.

ವಿರೋಧ: ಗಣಿತ ಬಿಡಬೇಡ ಎನ್ನುವುದು ಬೇರೆ, ಏನಾಗುತ್ತೀ ಎನ್ನುವುದು ಬೇರೆ

ಮೇಲಿನ ವಾದದ ಆ ಹುಡುಗ ಗಣಿತ ಬಿಡಬಾರದಿತ್ತು, ನಿಜ. ಆದರೆ ಅವನಿಗೆ ಬೇಕಾಗಿದ್ದದ್ದು ಒಂದು ಕೋರ್ಸಿನ ಹೆಸರಲ್ಲ. ಏನೂ ಗೊತ್ತುಮಾಡಿಕೊಳ್ಳದವನೇ ಎಲ್ಲಕ್ಕೂ ಬೇಕಾದೀತು ಎಂದು ಗಣಿತವನ್ನು ಉಳಿಸಿಕೊಳ್ಳುತ್ತಾನೆ. ನಾನು ಇತಿಹಾಸವನ್ನೇ ಓದುವವನು ಎಂದು ಹದಿನೈದಕ್ಕೇ ನಿಶ್ಚಯಿಸಿದವನು ಅದನ್ನು ಮೊದಲು ಬಿಡುತ್ತಾನೆ.

ಹೈಸ್ಕೂಲಿನ ವೇಳಾಪಟ್ಟಿಯಲ್ಲಿರುವುದು ಆರೇಳು ವಿಷಯ. ಭೂವಿಜ್ಞಾನ, ಭಾಷಾವಿಜ್ಞಾನ, ಮಾನವಶಾಸ್ತ್ರ, ನಗರ ಯೋಜನೆ ಅಲ್ಲಿ ಇಲ್ಲವೇ ಇಲ್ಲ. ಕಂಡೇ ಇಲ್ಲದ್ದನ್ನು ಆರಿಸಿಕೊಳ್ಳುವುದು ಹೇಗೆ? ಹಾಗಾಗಿ ಮಕ್ಕಳು ಕಂಡ ವೃತ್ತಿಗಳನ್ನೇ ಹೆಸರಿಸುತ್ತಾರೆ: ಡಾಕ್ಟರು, ಎಂಜಿನಿಯರು, ವಕೀಲರು. ಅದನ್ನು ಆಯ್ಕೆ ಎನ್ನಲು ನನಗೆ ಮನಸ್ಸಿಲ್ಲ.

ಇದಕ್ಕೆ ಒಳ್ಳೆಯ ಪುರಾವೆ ಬ್ರಿಟನ್ನಿನಲ್ಲೇ ಇದೆ. ಇಂಗ್ಲೆಂಡಿನವರು ಒಂದೇ ವಿಷಯಕ್ಕೆ ಬೇಗ ಕಟ್ಟುಬೀಳುತ್ತಾರೆ. ಸ್ಕಾಟ್ಲೆಂಡಿನ ನಾಲ್ಕು ವರ್ಷದ ಆನರ್ಸ್ ಪದವಿಯಲ್ಲಿ ಮೊದಲೆರಡು ವರ್ಷ ಹಲವು ವಿಷಯ ಓದಲು ಎಡೆಯಿದೆ. ಅರ್ಥಶಾಸ್ತ್ರಜ್ಞ ಓಫರ್ ಮಲಾಮುಡ್ ಎರಡೂ ಕಡೆಯ ಪದವೀಧರರನ್ನು ಹೋಲಿಸಿದಾಗ, ಓದಿದ್ದಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಹೋದವರು ಇಂಗ್ಲೆಂಡಿನಲ್ಲಿ ಹೆಚ್ಚು ಎಂದು ಕಂಡಿತು. ಬೇಗ ಆರಿಸಿದವರೇ ಹೆಚ್ಚಾಗಿ ಓದನ್ನು ಬದಿಗಿಟ್ಟರು. ಅಮೆರಿಕದಲ್ಲಿ 2011-12ರಲ್ಲಿ ಸ್ನಾತಕ ಪದವಿಗೆ ಸೇರಿ ಮುಖ್ಯ ವಿಷಯ ಘೋಷಿಸಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಮೂರು ವರ್ಷದೊಳಗೆ ಅದನ್ನು ಬದಲಿಸಿದ್ದರು. ಗಣಿತ ಎಂದು ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ! ಕಾಲೇಜಿಗೆ ಕಾಲಿಟ್ಟವರ ಪಾಡೇ ಹೀಗಿರುವಾಗ ಇನ್ನೂ ಮೂರು ವರ್ಷ ಮೊದಲಿನ ಮಾತಿಗೆ ಎಷ್ಟು ಬೆಲೆ?

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಹೇಳಿದ ಮಾತಿನ ಭಾರ. ಹದಿನಾಲ್ಕರ ಹುಡುಗಿ ನೆಂಟರ ಮುಂದೆ ಒಮ್ಮೆ ‘ಡಾಕ್ಟರಾಗುತ್ತೇನೆ’ ಎಂದಳೆಂದರೆ ಮುಗಿಯಿತು. ಅಪ್ಪ ಅದನ್ನು ನಾಲ್ಕು ಕಡೆ ಹೇಳುತ್ತಾರೆ, ಟ್ಯೂಷನ್ನಿಗೆ ಹಣ ಕಟ್ಟುತ್ತಾರೆ, ಅಜ್ಜಿ ಈಗಲೇ ಮಂಡಿನೋವು ತೋರಿಸಲು ಶುರುಮಾಡುತ್ತಾರೆ. ಹದಿನೇಳಕ್ಕೆ ಅವಳಿಗೆ ಶಾಸನಗಳನ್ನು ಓದುವುದರಲ್ಲಿ ರುಚಿ ಹತ್ತಿತು. ಬಾಯಿಬಿಟ್ಟು ಹೇಳಲು ಅವಳಿಗೆ ಧೈರ್ಯ ಎಲ್ಲಿಂದ ಬರಬೇಕು? ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರ ಮನೆಯಲ್ಲಿ ಈ ಭಾರ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಇಡೀ ಮನೆಯ ಲೆಕ್ಕಾಚಾರ ಒಂದು ಮಗುವಿನ ಮೇಲೆ ನಿಂತಿರುತ್ತದೆ. ಅಂಥವರಿಗೆ ಪ್ರವೇಶ ನಿಯಮಗಳನ್ನು ತಿಳಿಸಿಕೊಡುವುದು ಶಾಲೆಯ ಕೆಲಸ. ಶಾಲೆ ಆ ಕೆಲಸ ಮಾಡದಿದ್ದರೆ ಕೇಳಬೇಕಾದದ್ದು ಶಾಲೆಯನ್ನು, ಮಗುವನ್ನಲ್ಲ.

ಪಠ್ಯಕ್ರಮ ತೆರೆದು ಓದಲಿ, ಬೇಡ ಎನ್ನುವುದಿಲ್ಲ. ಒಂದಲ್ಲ, ಐದಾರು ಕೋರ್ಸಿನದು ಓದಲಿ. ಗಣಿತ, ಒಂದು ವಿಜ್ಞಾನ, ಚೆನ್ನಾಗಿ ಬರೆಯಲು ಬರುವ ಒಂದು ಭಾಷೆ, ಇವಿಷ್ಟನ್ನು ಇಟ್ಟುಕೊಂಡಿರಲಿ. ಯಾವ ಕೋರ್ಸ್ ಎಂದು ಯಾರಾದರೂ ಕೇಳಿದರೆ ‘ಇನ್ನೂ ನೋಡುತ್ತಿದ್ದೇನೆ’ ಎನ್ನಲಿ. ಪಕ್ಕದಲ್ಲಿ ಕುಳಿತ ಅಪ್ಪ ಅಮ್ಮ ಆ ಉತ್ತರವನ್ನು ತಿದ್ದಲು ಹೋಗದಿರಲಿ.