ಪ್ರೀತಿ ಇದೆ ಅಂತ ಫೋನೇ ಹೇಳಿಬಿಟ್ಟರೆ?

ಕೊರಿಯಾದ ‘ಲವ್ ಅಲಾರ್ಮ್’ ಸರಣಿಯಲ್ಲಿ ಒಂದು ಆ್ಯಪ್ ಇದೆ. ನಿಮ್ಮನ್ನು ಇಷ್ಟಪಡುವವರು 10 ಮೀಟರ್ ಒಳಗೆ ಬಂದರೆ ಸಾಕು, ನಿಮ್ಮ ಫೋನಿನಲ್ಲಿ ಅಲಾರ್ಮ್ ಹೊಡೆಯುತ್ತದೆ. ಯಾರು ಅಂತ ಹೇಳುವುದಿಲ್ಲ, ಎಷ್ಟು ಜನ ಅಂತ ಮಾತ್ರ ತೋರಿಸುತ್ತದೆ. ವೆಬ್‌ಟೂನ್ (ಇಂಟರ್ನೆಟ್ಟಿನಲ್ಲಿ ಬರುವ ಕಾಮಿಕ್ಸ್) ಒಂದರಿಂದ ಬಂದ ಈ ಕಥೆ ನೆಟ್‌ಫ್ಲಿಕ್ಸ್‌ನಲ್ಲಿ 2019ರಲ್ಲಿ 8 ಕಂತು, 2021ರಲ್ಲಿ 6 ಕಂತುಗಳಾಗಿ ಬಂತು. ಇಂಥ ಆ್ಯಪ್ ನಿಜವಾಗಿಯೂ ಬಂದರೆ ಒಳ್ಳೆಯದಾ? ಸರಣಿ ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಬಹುದು. ಮುಂದೆ ಕಥೆಯ ಗುಟ್ಟುಗಳಿವೆ.

ಪರ: ಹೊಡೆಯಲಿ ಬಿಡಿ

ಪ್ರೀತಿಯಲ್ಲಿ ಜಾಸ್ತಿ ಹೊತ್ತು ಹೋಗುವುದು ಊಹೆಯಲ್ಲೇ. ಕಾಕಾವೊಟಾಕ್ ಅನ್ನುವ ಮೆಸೇಜ್ ಆ್ಯಪ್ ಬಳಸುವ ಕೊರಿಯಾದವರನ್ನು ಕೇಳಿ. ಕಳಿಸಿದ ಮೆಸೇಜಿನ ಪಕ್ಕ ‘1’ ಅಂತ ಇರುತ್ತದೆ. ಆ ಕಡೆಯವರು ಓದಿದ ತಕ್ಷಣ ಅದು ಮಾಯ. ಈಗ ಶುರು. ಓದಿಯೂ ಯಾಕೆ ಉತ್ತರ ಕೊಟ್ಟಿಲ್ಲ? ಬ್ಯುಸಿನಾ, ಕೋಪಾನಾ, ಅಥವಾ ನಾನು ಅಂದರೆ ಲೆಕ್ಕಕ್ಕೇ ಇಲ್ವಾ? ಮನಸ್ಸನ್ನು ಫೋನಿನಲ್ಲಿ ಅಳೆಯುವ ಕೆಲಸ ಯಾವತ್ತೋ ಶುರುವಾಗಿದೆ. ಕೆಟ್ಟದಾಗಿ ನಡೆಯುತ್ತಿದೆ, ಅಷ್ಟೇ. ಸರಿಯಾಗಿ ಅಳೆಯುವ ಆ್ಯಪ್ ಬಂದರೆ ಬೇಡ ಅನ್ನುವುದೇಕೆ?

ನನಗೆ ಇದರಲ್ಲಿ ಇಷ್ಟವಾಗುವುದು ಇನ್ನೊಂದು. ಈ ಅಲಾರ್ಮಿಗೆ ಅಂತಸ್ತು ಗೊತ್ತಿಲ್ಲ. ಸರಣಿಯಲ್ಲಿ ಸನೋ ರಾಜಕಾರಣಿಯ ಮಗ, ತಾಯಿ ನಟಿ. ಅದೇ ಮನೆಯಲ್ಲಿ ಕೆಲಸ ಮಾಡುವ ಹೆಂಗಸಿನ ಮಗ ಹೇಯಂಗ್. ಇಬ್ಬರೂ ಜೀವದ ಗೆಳೆಯರು, ಇಬ್ಬರಿಗೂ ಇಷ್ಟವಾದವಳು ಜೋಜೋ ಒಬ್ಬಳೇ. ಸನೋಗೆ ಅಂಜಿಕೆಯಿಲ್ಲ, ನೇರ ಹೋಗುತ್ತಾನೆ. ಹೇಯಂಗ್ ಬಾಯೇ ಬಿಡುವುದಿಲ್ಲ. ಇಂಥ ಹುಡುಗರ ಪರವಾಗಿ ಮಾತಾಡುವವರು ಯಾರು? ಫೋನಿನ ಮುಂದೆ ಇಬ್ಬರೂ ಒಂದೊಂದೇ ಅಂಕಿ. ಅಪ್ಪ ಅಮ್ಮ ಇಲ್ಲದೆ, ಸಂಬಂಧಿಕರ ಮನೆಯಲ್ಲಿ ದುಡಿದುಕೊಂಡು ಬದುಕುವ ಜೋಜೋಗೆ ‘ನಿನ್ನನ್ನು ಇಷ್ಟಪಡುವವರು ಇಲ್ಲೇ ಇದ್ದಾರೆ’ ಅಂತ ಹೇಳಿದ್ದೂ ಆ ಆ್ಯಪೇ.

ಅನಾಹುತ ಆಯಿತಲ್ಲ ಅನ್ನುತ್ತೀರಿ. ಆಯಿತು ನಿಜ, ಆದರೆ ಅಲಾರ್ಮಿನಿಂದಲ್ಲ. ಜೋಜೋ ತನ್ನ ಮನಸ್ಸು ಹೊರಗೆ ಗೊತ್ತಾಗದಂತೆ ‘ಗುರಾಣಿ’ ಹಾಕಿಸಿಕೊಂಡಳು. ಪ್ರೀತಿ ಇದ್ದೂ ಸನೋನ ಫೋನ್ ಹೊಡೆಯಲಿಲ್ಲ. ಇಬ್ಬರೂ ವರ್ಷಗಟ್ಟಲೆ ಸಂಕಟಪಟ್ಟರು. ಸುಳ್ಳು ಹೇಳಿದ್ದು ಗುರಾಣಿ. ಬೈಗುಳ ತಿನ್ನುತ್ತಿರುವುದು ಅಲಾರ್ಮ್!

ವಿರೋಧ: ಹೊಡೆಯುವುದೇ ತೊಂದರೆ

ಗುರಾಣಿ ಸುಳ್ಳು ಹೇಳಿತಂತೆ. ಸರಿ, ಆ ಹುಡುಗಿಗೆ ಗುರಾಣಿ ಯಾಕೆ ಬೇಕಾಯಿತು? ತನ್ನ ಮನಸ್ಸಿನಲ್ಲಿರುವುದನ್ನು ತನ್ನಲ್ಲೇ ಇಟ್ಟುಕೊಳ್ಳಲು ಬೇರೆ ದಾರಿ ಇರಲಿಲ್ಲ. ಇಷ್ಟ ಇದ್ದರೂ ಹೇಳದೆ ಇರುವುದು ಅವಳ ಹಕ್ಕು ಅಲ್ವಾ? ಆ ಹಕ್ಕು ಅವಳಿಗೆ ಸಿಕ್ಕಿದ್ದು ಆ್ಯಪ್ ಮಾಡಿದ ಹುಡುಗ ಅವಳ ಸಹಪಾಠಿ ಡೊಕ್ಗು ಆಗಿದ್ದರಿಂದ ಮಾತ್ರ. ಅಂಥ ಪರಿಚಯ ಇಲ್ಲದವರ ಪಾಡೇನು?

ಸನೋನನ್ನೂ ನೋಡಿ. ಎದುರಿಗೇ ಹುಡುಗಿ ನಿಂತಿದ್ದಾಳೆ, ಅವಳ ಮುಖದಲ್ಲಿ ಎಲ್ಲ ಕಾಣುತ್ತಿದೆ. ಆದರೂ ಅವನ ಕಣ್ಣು ಹೋಗುವುದು ಸುಮ್ನೆ ಬಿದ್ದಿರುವ ಫೋನಿನ ಕಡೆ. ಆ್ಯಪ್ ಬಂದಮೇಲೆ ಮುಖಕ್ಕಿಂತ ಫೋನಿನ ಮಾತಿಗೇ ಬೆಲೆ ಜಾಸ್ತಿ.

ಯಾರು ಅಂತ ಹೇಳುವುದಿಲ್ಲ ಅನ್ನುವುದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕೊರಿಯಾದ ರಾಜಧಾನಿ ಸೋಲ್‌ನ ಮೆಟ್ರೋದಲ್ಲಿ ಒಂದು ಬೋಗಿ ಸುಮಾರು 20 ಮೀಟರ್ ಉದ್ದ. ನಡುವೆ ನಿಂತರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ 10 ಮೀಟರ್ ಲೆಕ್ಕದಲ್ಲಿ ಬರುತ್ತಾರೆ. ಸಂಜೆ ಆಫೀಸು ಬಿಟ್ಟ ಹೊತ್ತು, ಕಾಲಿಡಲು ಜಾಗವಿಲ್ಲ. ಹೆಂಗಸೊಬ್ಬಳ ಫೋನ್ ಹೊಡೆಯಿತು, ಒಬ್ಬರು ಅಂತ ತೋರಿಸಿತು. ಅವಳು ಇಳಿದಳು, ರಸ್ತೆ ದಾಟಿದಳು, ಮತ್ತೆ ಹೊಡೆಯಿತು. ಇದು ರೊಮ್ಯಾನ್ಸಾ? ಬೆನ್ನು ಬಿದ್ದು ಕಾಡುವವರೆಲ್ಲ ಹೇಳುವುದು ಪ್ರೀತಿ ಅಂತಲೇ. ಕೊರಿಯಾದಲ್ಲಿ ಅವರಿಗೆ ಬಹಳ ಕಾಲ ಹೆಚ್ಚೆಂದರೆ 1 ಲಕ್ಷ ವಾನ್ ದಂಡ ಬೀಳುತ್ತಿತ್ತು. 3 ವರ್ಷದವರೆಗೆ ಜೈಲು ಅನ್ನುವ ಪ್ರತ್ಯೇಕ ಕಾನೂನಿಗೆ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2021ರ ಮಾರ್ಚ್‌ನಲ್ಲಿ. ಈ ಸರಣಿಯ ಎರಡನೇ ಭಾಗ ಬಂದಿದ್ದೂ ಅದೇ ತಿಂಗಳು.

ಅಂಕಿಯ ಮುಂದೆ ಎಲ್ಲರೂ ಸಮ ಅನ್ನುವ ಮಾತಂತೂ ಒಪ್ಪಲಾರೆ. ಕಥೆಯಲ್ಲೇ ‘ಹೃದಯ’ (ಇಷ್ಟಪಡುವವರ ಲೆಕ್ಕ) ಜಾಸ್ತಿ ಗಳಿಸಿದವರದ್ದು ಒಂದು ಬ್ಯಾಡ್ಜ್ ಕ್ಲಬ್ ಹುಟ್ಟಿಕೊಳ್ಳುತ್ತದೆ. ಹಳೇ ಅಂತಸ್ತು ಹೋಗಿ ಹೊಸದು ಬಂತು. ಸೊನ್ನೆ ಸಿಕ್ಕವರ ಸಂಕಟ ಎಲ್ಲಿಗೆ ಮುಟ್ಟುತ್ತದೆ ಅಂತಲೂ ಸರಣಿ ತೋರಿಸುತ್ತದೆ, ನೋಡಲು ಕಷ್ಟ. ಇದು ಸಾಲದು ಅಂತ ಆ್ಯಪಿನ 2.0 ಬರುತ್ತದೆ. ಮುಂದೆ ನೀವು ಯಾರನ್ನು ಇಷ್ಟಪಡಬಹುದು ಅಂತ ಅದೇ ಪಟ್ಟಿ ಕೊಡುತ್ತದೆ!

ಇನ್ನು ಹೇಯಂಗ್. ಅವನು ಆ್ಯಪಿನ ಪರ ಸಾಕ್ಷಿ ಹೇಗಾದಾನು? ಗುರಾಣಿಯ ದೆಸೆಯಿಂದ ಜೋಜೋ ಅವನ ಅಲಾರ್ಮ್ ಹೊಡೆಸಲಾರಳು. ಅದು ಗೊತ್ತಿದ್ದೂ ಅವನು ಅವಳ ಜೊತೆ ನಡೆಯುತ್ತಾನೆ, ಮಾತಾಡುತ್ತಾನೆ, ಕಾಯುತ್ತಾನೆ. ಕೊನೆಗೆ ಜೋಜೋ ಆರಿಸಿಕೊಳ್ಳುವುದೂ ಅವನನ್ನೇ.

ಇಂಥ ಆ್ಯಪ್ ಬಂದೇ ಬರುತ್ತದೆ ಅಂದರೆ ನನ್ನದು ಒಂದೇ ಷರತ್ತು. ಗುರಾಣಿ ಮೊದಲ ದಿನದಿಂದಲೇ ಎಲ್ಲರಿಗೂ ಸಿಗಬೇಕು. ಆಗ ಫೋನ್ ಹೊಡೆಯಲಿಲ್ಲ ಅಂದರೆ ಇಷ್ಟವಿಲ್ಲ ಅಂತಲಾ, ಗುರಾಣಿ ಇದೆ ಅಂತಲಾ? ಹತ್ತಿರ ಹೋಗಿ ಬಾಯಿಬಿಟ್ಟೇ ಕೇಳಬೇಕಾಗುತ್ತದೆ.